ಮನೆಯ ಮೆಟ್ಟಿಲಿನ ಲೆಕ್ಕ

ನಮ್ಮ ದೇಲಂಪಾಡಿಯ ಕಡೆ ಸಮತಟ್ಟಾದ ನೆಲವೆಂಬುದು ಅಪರೂಪ. ತೋಟ ಕೆಳಗೆ, ಮನೆ ಅದರ ಮೇಲೆ, ಗುಡ್ಡ ಮತ್ತೂ ಮೇಲೆ. ತೋಟದಿಂದ ಅಂಗಳಕ್ಕೆ ಬರಬೇಕಾದರೆ ದರೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಬೇಕು. ಅಂಗಳದಿಂದ ಜಗಲಿಗೆ ಮತ್ತೆ ಎರಡು ಮೂರು ಮೆಟ್ಟಿಲು. ಹೀಗೆ ಹುಟ್ಟಿದಂದಿನಿಂದ ಮೆಟ್ಟಿಲು ಹತ್ತಿ ಇಳಿದು ಬೆಳೆದವರು ನಾವು. ಆದರೂ ಮನೆ ಕಟ್ಟಿಸುವ ಕಾಲಕ್ಕೆ ನಮ್ಮವರು ಅತ್ಯಂತ ಕಡಮೆ ಆಲೋಚಿಸುವ ವಿಷಯ ಯಾವುದೆಂದರೆ, ಅದು ಮೆಟ್ಟಿಲೇ ಎಂದು ಹೇಳಬೇಕಾಗಿದೆ. ಬಾಗಿಲಿನ ದಿಕ್ಕು, ಬಾವಿಯ ಸ್ಥಾನ, ಅಡುಗೆಮನೆಯ ಮೂಲೆ, ಇವುಗಳಿಗೆಲ್ಲ ಬಲ್ಲವರನ್ನು ಕರೆಸಿ ಕೇಳುತ್ತಾರೆ. ಮೆಟ್ಟಿಲಿನ ವಿಷಯ ಬಂದಾಗ ಮಾತ್ರ “ಉಳಿದ ಜಾಗದಲ್ಲಿ ಎಲ್ಲಿಯಾದರೂ ಕೂರಿಸಿ” ಎಂದು ಮೇಸ್ತ್ರಿಗೆ ಹೇಳಿ ಮುಗಿಸುತ್ತಾರೆ.

ಅದರ ಫಲವನ್ನು ಅನುಭವಿಸುವವರು ಮನೆಯ ಮುದುಕರು, ಮಕ್ಕಳು ಮತ್ತು ಬಸುರಿ ಹೆಂಗಸರು. ನಮ್ಮ ಆಸುಪಾಸಿನ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಉಪ್ಪರಿಗೆಯಿಂದ ಇಳಿಯುತ್ತಿದ್ದಾಗ, ಮೆಟ್ಟಿಲು ಮುಗಿಯಿತೆಂದು ಭಾವಿಸಿ ಕಾಲಿಟ್ಟರು. ಇನ್ನೂ ಒಂದು ಮೆಟ್ಟಿಲು ಉಳಿದಿತ್ತು. ಅದು ಉಳಿದವುಗಳಿಗಿಂತ ಗಿಡ್ಡವಾಗಿತ್ತು, ನೆಲದ ಬಣ್ಣವೂ ಮೆಟ್ಟಿಲಿನ ಬಣ್ಣವೂ ಒಂದೇ ಆಗಿತ್ತು. ಸೊಂಟದ ಮೂಳೆ ಮುರಿದು ಅವರು ಮಂಗಳೂರಿನ ಆಸ್ಪತ್ರೆ ಸೇರಬೇಕಾಯಿತು. ಎಲ್ಲರೂ “ಅವರಿಗೆ ಕಣ್ಣು ಕಾಣದು, ಪ್ರಾಯವಾಯಿತು” ಎಂದರು. ಮೆಟ್ಟಿಲನ್ನು ಯಾರೂ ಅಳೆದು ನೋಡಲಿಲ್ಲ. ಪ್ರಾಯವನ್ನು ತಡೆಯಲು ನಮ್ಮಿಂದಾಗದು; ಮೆಟ್ಟಿಲನ್ನು ಸರಿಯಾಗಿ ಕಟ್ಟಿಸುವುದು ಮಾತ್ರ ಖಂಡಿತವಾಗಿಯೂ ನಮ್ಮ ಕೈಯಲ್ಲಿದೆ. ಆದುದರಿಂದ ಈ ತಿಂಗಳು ಮೆಟ್ಟಿಲಿನ ಲೆಕ್ಕವನ್ನು ಓದುಗರ ಮುಂದಿಡಲು ಬಯಸುತ್ತೇವೆ. ಏಳನೆಯ ತರಗತಿಯ ಮಗುವಿಗೆ ತಿಳಿಯುವ ಗಣಿತಕ್ಕಿಂತ ಹೆಚ್ಚಿನದೇನೂ ಇದರಲ್ಲಿಲ್ಲ.

ಅಟ್ಟದ ಏಣಿಯಿಂದ ತಾರಸಿಯ ಮೆಟ್ಟಿಲಿಗೆ

ನಮ್ಮ ಹಳೆಯ ಮನೆಗಳಲ್ಲಿ ಉಪ್ಪರಿಗೆಗೆ ಹೋಗುತ್ತಿದ್ದುದು ಮರದ ಏಣಿಮೆಟ್ಟಿಲಿನಲ್ಲಿ. ಅದು ಬಹಳ ಕಡಿದು. ಹತ್ತುವಾಗ ಮುಂದಿನ ಮೆಟ್ಟಿಲನ್ನು ಕೈಯಿಂದ ಹಿಡಿಯಬಹುದಾಗಿತ್ತು, ಇಳಿಯುವಾಗ ಹಿಮ್ಮುಖವಾಗಿ ಇಳಿಯಬೇಕಾಗಿತ್ತು. ಕೆಲವು ಮನೆಗಳಲ್ಲಿ ಆಸರೆಗೆಂದು ಮೇಲಿನಿಂದ ಹಗ್ಗವನ್ನು ಇಳಿಬಿಡುತ್ತಿದ್ದರು. ಉಪ್ಪರಿಗೆ ಎಂಬುದು ಆಗ ಭತ್ತ, ಅಡಿಕೆ, ಹಳೆಯ ಪಾತ್ರೆಗಳನ್ನು ಇಡುವ ಸ್ಥಳ. ದಿನಕ್ಕೊಮ್ಮೆ ಯಾರಾದರೂ ಹತ್ತಿದರೆ ಹೆಚ್ಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದುವು. ಅಟ್ಟದ ಏಣಿ ಮಾತ್ರ ಹಾಗೆಯೇ ಉಳಿಯಿತು.

ಈಗ ಕಾಲ ಬದಲಾಗಿದೆ. ಮುರಕಲ್ಲಿನ ಗೋಡೆಯ ಮೇಲೆ ಕಾಂಕ್ರೀಟಿನ ತಾರಸಿ ಬಂದಿದೆ. ಮಕ್ಕಳ ಓದುವ ಕೋಣೆ ಮೇಲೆ, ಮಲಗುವ ಕೋಣೆ ಮೇಲೆ, ಬಟ್ಟೆ ಒಣಗಿಸುವುದು ಮೇಲೆ, ಅಡಿಕೆ ಒಣಗಿಸುವುದು ಅದಕ್ಕೂ ಮೇಲೆ. ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯುವ ದಾರಿಯನ್ನು ಅಟ್ಟದ ಏಣಿಯ ಮನೋಭಾವದಿಂದ ಕಟ್ಟಿದರೆ ಅಪಾಯವಾಗದೆ ಇರುತ್ತದೆಯೇ?

ಏರು ಮತ್ತು ಹಾಸು

ಮೆಟ್ಟಿಲಿಗೆ ಮುಖ್ಯವಾಗಿ ಎರಡು ಅಳತೆಗಳು. ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಇರುವ ಎತ್ತರವನ್ನು ಮೇಸ್ತ್ರಿಗಳು ರೈಸರ್ ಎನ್ನುತ್ತಾರೆ. ನಾವು ಅದನ್ನು ‘ಏರು’ ಎನ್ನೋಣ. ಪಾದವಿಡುವ ಜಾಗದ ಆಳವನ್ನು ಅವರು ಟ್ರೆಡ್ ಎನ್ನುತ್ತಾರೆ. ಅದನ್ನು ‘ಹಾಸು’ ಎನ್ನೋಣ. ಇವೆರಡರ ಹೊಂದಾಣಿಕೆಯಲ್ಲಿಯೇ ಮೆಟ್ಟಿಲಿನ ಸುಖದುಃಖಗಳೆಲ್ಲ ಅಡಗಿವೆ.

ಈ ಹೊಂದಾಣಿಕೆಗೆ ಒಂದು ಸೂತ್ರವನ್ನು ಕೊಟ್ಟವನು ಫ್ರಾನ್ಸಿನ ಫ್ರಾನ್ಸ್ವಾ ಬ್ಲಾಂಡೆಲ್ ಎಂಬ ವಾಸ್ತುತಜ್ಞ. ಅವನ ಗ್ರಂಥದ ಪ್ರಕಟಣೆ 1675ರಲ್ಲಿ ಆರಂಭವಾಯಿತು. ಅವನ ತರ್ಕ ಬಹು ಸರಳವಾದುದು. ಸಮನೆಲದಲ್ಲಿ ನಡೆಯುವ ಮನುಷ್ಯನ ಹೆಜ್ಜೆ ಸುಮಾರು ಎರಡು ಅಡಿ, ಎಂದರೆ 24 ಅಂಗುಲ. ಒಂದು ಅಂಗುಲ ಮೇಲಕ್ಕೆ ಏರುವ ಶ್ರಮವು ಎರಡು ಅಂಗುಲ ಮುಂದಕ್ಕೆ ನಡೆಯುವ ಶ್ರಮಕ್ಕೆ ಸಮ. ಆದುದರಿಂದ ಏರಿನ ಎರಡು ಪಾಲಿಗೆ ಹಾಸನ್ನು ಕೂಡಿಸಿದರೆ 24 ಅಂಗುಲ ಬರಬೇಕು. ಆ ಕಾಲದ ಫ್ರೆಂಚ್ ಅಂಗುಲ ನಮ್ಮ ಇಂಚಿಗಿಂತ ಸ್ವಲ್ಪ ದೊಡ್ಡದು. ಸೆಂಟಿಮೀಟರಿನಲ್ಲಿ ಆ 24 ಅಂಗುಲ ಸುಮಾರು 65 ಆಗುತ್ತದೆ. ನಮ್ಮ ಜನರ ಹೆಜ್ಜೆಗೆ 60ರಿಂದ 64 ಸೆಂಟಿಮೀಟರು ಹಿಡಿದರೆ ಹಿತವಾಗಿರುತ್ತದೆ.

ಏರು 17, ಹಾಸು 28 ಎಂದಿಟ್ಟುಕೊಳ್ಳಿ. 17ರ ಎರಡರಷ್ಟು 34. ಅದಕ್ಕೆ 28 ಕೂಡಿಸಿದರೆ 62. ಇದು ಒಳ್ಳೆಯ ಮೆಟ್ಟಿಲು. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಬರುವ ‘ಏಳಿಂಚು-ಹತ್ತಿಂಚು’ ಲೆಕ್ಕವೂ ಕೂಡಿಸಿದರೆ 24 ಇಂಚೇ ಆಗುತ್ತದೆ. ಬ್ಲಾಂಡೆಲನ ಹೆಸರನ್ನೇ ಕೇಳದ ಮೇಸ್ತ್ರಿಯೂ ಅವನ ಸೂತ್ರವನ್ನೇ ಪಾಲಿಸುತ್ತಿದ್ದಾನೆ ಎಂಬುದು ಸಂತೋಷದ ಸಂಗತಿ.

ಆದರೆ ಸೂತ್ರವನ್ನು ಕುರುಡಾಗಿ ನಂಬಬಾರದು. ಏರು 25, ಹಾಸು 12 ಆದರೂ ಮೊತ್ತ 62 ಬರುತ್ತದೆ. ಅದು ಮೆಟ್ಟಿಲಲ್ಲ, ಏಣಿ. ಏರು 8, ಹಾಸು 46 ಆದರೂ ಮೊತ್ತ 62. ಅದರಲ್ಲಿ ನಡೆದರೆ ಪ್ರತಿ ಹೆಜ್ಜೆಯೂ ಎಡವಟ್ಟು. ಆದುದರಿಂದ ಎರಡೂ ಕಡೆ ಮಿತಿ ಬೇಕು. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯು 1970ರಲ್ಲಿ ಮೊದಲು ಹೊರಬಂದು, 2016ರಲ್ಲಿ ಪರಿಷ್ಕರಣಗೊಂಡಿದೆ. ಅದರ ಪ್ರಕಾರ ವಾಸದ ಮನೆಗಳಲ್ಲಿ ಏರು 19 ಸೆಂಟಿಮೀಟರಿಗಿಂತ ಹೆಚ್ಚಾಗಬಾರದು, ಹಾಸು 25 ಸೆಂಟಿಮೀಟರಿಗಿಂತ ಕಡಮೆಯಾಗಬಾರದು. ಶಾಲೆ ಮೊದಲಾದ ಸಾರ್ವಜನಿಕ ಕಟ್ಟಡಗಳಿಗೆ ಏರು 15, ಹಾಸು 30. ಇವು ಹೊರಗಿನ ಮಿತಿಗಳೇ ಹೊರತು ಆದರ್ಶವಲ್ಲ ಎಂಬುದನ್ನು ಮರೆಯಬಾರದು. ಮನೆಯಲ್ಲಿ ವೃದ್ಧರಿದ್ದರೆ ಏರು 16-17, ಹಾಸು 28-30 ಇರಿಸುವುದು ವಿವೇಕ.

ಹಾಸು ಏಕೆ ಅಷ್ಟು ಮುಖ್ಯ? ಹತ್ತುವಾಗ ಪಾದದ ಮುಂಭಾಗ ಮಾತ್ರ ಊರಿದರೂ ಸಾಗುತ್ತದೆ, ಇಳಿಯುವಾಗ ಹಾಗಲ್ಲ. ಚಪ್ಪಲಿ ಹಾಕಿದ ದೊಡ್ಡವರ ಪಾದ 25ರಿಂದ 28 ಸೆಂಟಿಮೀಟರು ಉದ್ದವಿರುತ್ತದೆ. ಹಾಸು 22 ಇದ್ದರೆ ಬೆರಳುಗಳು ಅಂಚಿನಿಂದಾಚೆ ತೇಲುತ್ತವೆ. ಮನುಷ್ಯ ಪಾದವನ್ನು ಓರೆಯಾಗಿಟ್ಟು ಇಳಿಯಬೇಕಾಗುತ್ತದೆ. ಮೆಟ್ಟಿಲಿನ ಮೇಲಿನ ಅಪಘಾತಗಳಲ್ಲಿ ಹೆಚ್ಚಿನವು ಇಳಿಯುವಾಗಲೇ ಸಂಭವಿಸುವುದಕ್ಕೆ ಇದೂ ಒಂದು ಕಾರಣ.

ಪ್ರಾಚೀನರಿಗೂ ಈ ಚಿಂತೆಯಿತ್ತು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮಿನ ವಿಟ್ರುವಿಯಸನು ಮೆಟ್ಟಿಲಿಗೆ 3-4-5ರ ತ್ರಿಕೋನವನ್ನು ಬಳಸಲು ಹೇಳಿದ್ದಾನೆ: ಎತ್ತರ 3 ಪಾಲು, ನೆಲದ ಉದ್ದ 4 ಪಾಲು, ಓರೆಯ ತೊಲೆ 5 ಪಾಲು. ಶಾಲೆಯಲ್ಲಿ ಪೈಥಾಗೊರಸನ ಹೆಸರಿನಲ್ಲಿ ನಾವು ಕಲಿಸುವ, ನಮ್ಮ ಬೋಧಾಯನನ ಶುಲ್ಬಸೂತ್ರವೂ ಬಲ್ಲ ಪ್ರಮೇಯ ಇದೇ. ಇಂದಿನ ಸಂಹಿತೆಯ 19ಕ್ಕೆ 25ರ ಇಳಿಜಾರು ಸರಿಸುಮಾರು ಈ 3ಕ್ಕೆ 4ರ ಇಳಿಜಾರೇ ಆಗಿದೆ. ಎರಡು ಸಾವಿರ ವರ್ಷಗಳಲ್ಲಿ ಮನುಷ್ಯನ ಮೊಣಕಾಲು ಬದಲಾಗಿಲ್ಲವಷ್ಟೆ!

ಒಂದು ಉದಾಹರಣೆ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಮನೆಯ ನೆಲದಿಂದ ಮೇಲಿನ ನೆಲಕ್ಕೆ, ಟೈಲ್ಸು ಹಾಸಿ ಮುಗಿದ ಮೇಲೆ, 306 ಸೆಂಟಿಮೀಟರು ಇದೆಯೆಂದು ಇಟ್ಟುಕೊಳ್ಳಿ. ಸ್ಲ್ಯಾಬಿನ ದಪ್ಪವೂ ಇದರಲ್ಲಿ ಸೇರಿದೆ. 306ನ್ನು 17ರಿಂದ ಭಾಗಿಸಿದರೆ 18. ಎಂದರೆ 17 ಸೆಂಟಿಮೀಟರಿನ 18 ಏರುಗಳು. ಹಾಸುಗಳೆಷ್ಟು? ಕೊನೆಯ ಏರು ನಮ್ಮನ್ನು ಮೇಲಿನ ನೆಲಕ್ಕೇ ತಲುಪಿಸುವುದರಿಂದ ಹಾಸುಗಳು ಒಂದು ಕಡಮೆ, ಅಂದರೆ 17. ಒಂದೇ ಸಾಲಿನ ನೇರ ಮೆಟ್ಟಿಲಾದರೆ 17 ಗುಣಿಸು 28, ಒಟ್ಟು 476 ಸೆಂಟಿಮೀಟರು ಉದ್ದದ ಜಾಗ ಬೇಕು. ಅಷ್ಟು ಉದ್ದದ ಜಾಗ ಎಲ್ಲ ಮನೆಗಳಲ್ಲಿ ಸಿಗದು.

ಆಗ ನಡುವೆ ಒಂದು ಕಟ್ಟೆ ಕೊಟ್ಟು ಹಿಂತಿರುಗಿಸಬೇಕು. ಒಂಬತ್ತು ಏರು ಹತ್ತಿದರೆ ಕಟ್ಟೆ, ಅಲ್ಲಿಂದ ತಿರುಗಿ ಮತ್ತೆ ಒಂಬತ್ತು ಏರು. ಒಂದೊಂದು ಸಾಲಿನಲ್ಲಿ 8 ಹಾಸು, ಅಂದರೆ 224 ಸೆಂಟಿಮೀಟರು, ಕಟ್ಟೆಗೆ 100, ಒಟ್ಟು ಉದ್ದ 324. ಅಗಲದಲ್ಲಿ ಒಂದೊಂದು ಸಾಲಿಗೆ 90, ನಡುವೆ 10, ಒಟ್ಟು 190. ಕೆಳಗೆ ಮೆಟ್ಟಿಲು ಆರಂಭವಾಗುವಲ್ಲಿಯೂ ಮೇಲೆ ಮುಗಿಯುವಲ್ಲಿಯೂ ನಿಲ್ಲಲು ಮೂರಡಿ ಜಾಗವನ್ನು ಬೇರೆಯಾಗಿ ಬಿಡಬೇಕು. ಮೆಟ್ಟಿಲಿನ ತಲೆಗೇ ಕೋಣೆಯ ಬಾಗಿಲು ತೆರೆದುಕೊಳ್ಳುವಂತೆ ಇಡುವುದು ಅಪಾಯಕಾರಿ. ಒಂದು ಮಾತು: ಈ ನಡುಕಟ್ಟೆ ನೆಲದಿಂದ 153 ಸೆಂಟಿಮೀಟರು ಎತ್ತರದಲ್ಲಿರುವುದರಿಂದ ಅದರಡಿಯಲ್ಲಿ ನಡೆದಾಡುವ ಬಾಗಿಲನ್ನು ಇಡಲು ಬಾರದು. ಕಟ್ಟಿದ ಮೇಲೆ ಇದು ತಿಳಿದು ಫಲವಿಲ್ಲ.

ಜಾಗ ಉಳಿಸಲೆಂದು ತಿರುವಿನಲ್ಲಿ ಕಟ್ಟೆಯ ಬದಲು ಮೂರು ಮೂಲೆಯ ಮೆಟ್ಟಿಲುಗಳನ್ನು ಕೂರಿಸುವ ವಾಡಿಕೆಯುಂಟು. ಒಳಬದಿಯಲ್ಲಿ ಅವುಗಳ ಹಾಸು ಎರಡು ಬೆರಳಿನಷ್ಟೂ ಇರುವುದಿಲ್ಲ. ರಾತ್ರಿ ನಿದ್ದೆಗಣ್ಣಿನಲ್ಲಿ ಇಳಿಯುವವನ ಕಾಲು ಹೋಗುವುದು ಅಲ್ಲಿಗೇ. ಸಾಧ್ಯವಿದ್ದಷ್ಟು ಅದನ್ನು ಬಿಡುವುದು ಲೇಸು. ಕಟ್ಟೆಯಿದ್ದರೆ ದಣಿದವರಿಗೆ ಅರೆಗಳಿಗೆ ನಿಲ್ಲಲು ಸ್ಥಳವಾಗುತ್ತದೆ. ಜಾರಿದರೂ ಅರ್ಧ ದಾರಿಯಲ್ಲಿ ಬೀಳುವುದು ನಿಲ್ಲುತ್ತದೆ.

ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಿಟ್ರುವಿಯಸನೂ ದೇವಾಲಯಗಳಿಗೆ ಇದನ್ನೇ ಹೇಳಿದ್ದಾನೆ. ಕೆಳಗೆ ಬಲಗಾಲಿಟ್ಟವನು ಮೇಲೆಯೂ ಬಲಗಾಲಿನಲ್ಲೇ ತಲುಪಬೇಕೆಂಬುದು ಅವನ ಕಾರಣ. ಈ ನಂಬಿಕೆಯನ್ನು ಪಾಲಿಸಬೇಕೆಂದು ಮನೆಯ ಹಿರಿಯರು ಬಯಸಿದರೆ ಜಗಳವೇಕೆ? ನಮ್ಮ ಉದಾಹರಣೆಯಲ್ಲಿ ಏರು 18 ಆದರೂ ಹಾಸು 17. ಅಥವಾ 306ನ್ನು 17 ಏರುಗಳಾಗಿ ಮಾಡಿದರೆ ಒಂದೊಂದು 18 ಸೆಂಟಿಮೀಟರು. ಹಾಸು 27 ಕೊಟ್ಟರೆ ಮೊತ್ತ 63. ಎರಡೂ ಸುರಕ್ಷಿತವೇ. ಆದರೆ ಸಂಖ್ಯೆಯನ್ನು ಹೊಂದಿಸಲೆಂದು ಕೊನೆಗಳಿಗೆಯಲ್ಲಿ ಒಂದು ಮೆಟ್ಟಿಲನ್ನು ತುರುಕುವುದಾಗಲಿ ತೆಗೆಯುವುದಾಗಲಿ ಸರ್ವಥಾ ಕೂಡದು. ಏಕೆ ಎಂಬುದನ್ನು ಮುಂದೆ ಹೇಳುತ್ತೇವೆ.

ಎಲ್ಲ ಮೆಟ್ಟಿಲೂ ಸಮವಾಗಿರಲಿ

ಈ ಲೇಖನದಿಂದ ಓದುಗರು ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಅದು ಇದಾಗಿರಲಿ: ಮೆಟ್ಟಿಲು ಸ್ವಲ್ಪ ಎತ್ತರವಾದರೂ ಸಹಿಸಬಹುದು, ಒಂದಕ್ಕೊಂದು ಅಸಮವಾಗಿದ್ದರೆ ಸಹಿಸಲಾಗದು.

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿದ ಸಾವಿರ ಮೆಟ್ಟಿಲುಗಳನ್ನು ಹತ್ತಿದವರು, ಶ್ರವಣಬೆಳಗೊಳದ ಬಂಡೆಯಲ್ಲಿ ಕಡೆದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಒಂದು ಮೆಟ್ಟಿಲಿನಂತೆ ಇನ್ನೊಂದಿಲ್ಲ; ಆದರೆ ಭಕ್ತನು ಅಲ್ಲಿ ಕಣ್ಣಿಟ್ಟು ನೋಡಿ ಹೆಜ್ಜೆಯಿಡುತ್ತಾನೆ. ಮನೆಯ ಮೆಟ್ಟಿಲನ್ನು ಯಾರೂ ನೋಡಿ ಹತ್ತುವುದಿಲ್ಲ. ಮೊದಲ ಎರಡು ಹೆಜ್ಜೆಗಳಲ್ಲಿಯೇ ಕಾಲು ಅಳತೆಯನ್ನು ಕಲಿತುಬಿಡುತ್ತದೆ. ಅನಂತರ ಕಣ್ಣು ಬೇರೆ ಕಡೆ, ಮನಸ್ಸು ಮತ್ತೊಂದು ಕಡೆ. ಹತ್ತುವಾಗ ಪಾದವು ಮೆಟ್ಟಿಲಿನ ಅಂಚನ್ನು ಕೆಲವೇ ಬೆರಳಿನಷ್ಟು ಅಂತರದಲ್ಲಿ ದಾಟಿ ಹೋಗುತ್ತದೆ. ಒಂದು ಮೆಟ್ಟಿಲು ಮಾತ್ರ ಎರಡು ಸೆಂಟಿಮೀಟರು ಹೆಚ್ಚಿದ್ದರೆ ಬೆರಳು ತಗಲಿ ಮುಗ್ಗರಿಸುತ್ತೇವೆ. ಕಡಮೆಯಿದ್ದರೆ ಇಳಿಯುವಾಗ ನೆಲ ಬೇಗನೆ ಸಿಕ್ಕಿ ಮೊಣಕಾಲು ಕುಸಿಯುತ್ತದೆ. ಅಮೇರಿಕೆಯ ಮನೆಗಳ ಕಟ್ಟಡ ನಿಯಮದಲ್ಲಿ ಒಂದು ಸಾಲಿನ ಅತಿ ಎತ್ತರದ ಮತ್ತು ಅತಿ ಗಿಡ್ಡ ಏರುಗಳ ನಡುವೆ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸಕ್ಕೂ ಅವಕಾಶ ಕೊಟ್ಟಿಲ್ಲ. ಅಲ್ಲಿನ ಮಿತಿ ಒಂದು ಇಂಚಿನ ಎಂಟರಲ್ಲಿ ಮೂರು ಪಾಲು.

ನಮ್ಮಲ್ಲಿ ಈ ಅಸಮತೆ ಹೇಗೆ ಬರುತ್ತದೆ? ಮೇಸ್ತ್ರಿ ಕಾಂಕ್ರೀಟಿನ ಮೆಟ್ಟಿಲುಗಳನ್ನು 17 ಸೆಂಟಿಮೀಟರಿನಂತೆ ಸಮನಾಗಿಯೇ ಎರೆದಿರುತ್ತಾನೆ. ಆರು ತಿಂಗಳ ಮೇಲೆ ನೆಲದ ಕೆಲಸದವನು ಬರುತ್ತಾನೆ. ಕೆಳಗಿನ ನೆಲಕ್ಕೆ ಗಾರೆ ಮತ್ತು ಟೈಲ್ಸು ಸೇರಿ 7 ಸೆಂಟಿಮೀಟರು ಏರುತ್ತದೆ, ಮೆಟ್ಟಿಲುಗಳ ಮೇಲೆ 3, ಮೇಲಿನ ನೆಲಕ್ಕೆ 5. ಈಗ ಅಳೆದು ನೋಡಿ. ಮೊದಲನೆಯ ಏರು 17ಕ್ಕೆ 3 ಕೂಡಿಸಿ 7 ಕಳೆದರೆ 13. ನಡುವಣವುಗಳೆಲ್ಲ 17. ಕೊನೆಯದು 17ಕ್ಕೆ 5 ಕೂಡಿಸಿ 3 ಕಳೆದರೆ 19. ಇಬ್ಬರು ಕೆಲಸಗಾರರೂ ತಮ್ಮ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ. ಆದರೂ ಮನೆಯೊಳಗೆ ಎರಡು ಬಲೆಗಳು ಸಿದ್ಧವಾದುವು. ಅಜ್ಜಿಯ ಕಾಲು ತಪ್ಪಿದ್ದು ಇಂತಹ ಗಿಡ್ಡ ಮೆಟ್ಟಿಲಿನಲ್ಲಿಯೇ.

ಪರಿಹಾರವು ಕಷ್ಟವಲ್ಲ. ಕಾಂಕ್ರೀಟು ಎರೆಯುವ ಮೊದಲೇ ಯಾವ ನೆಲಕ್ಕೆ ಏನು ಹಾಸುತ್ತೇವೆಂದು ತೀರ್ಮಾನಿಸಬೇಕು. ಮೇಲಿನ ಲೆಕ್ಕದಲ್ಲಿ ಮೊದಲ ಏರನ್ನು 21, ಕೊನೆಯದನ್ನು 15 ಎಂದು ಎರೆಸಿದರೆ, ಎಲ್ಲ ಮುಗಿದ ಮೇಲೆ ಹದಿನೆಂಟೂ 17 ಆಗಿ ನಿಲ್ಲುತ್ತವೆ.

ಅಳತೆಗೆ ಒಂದು ಉಪಾಯ ಹೇಳುತ್ತೇವೆ. ನೇರವಾದ ಮರದ ಪಟ್ಟಿಯೊಂದನ್ನು ತೆಗೆದುಕೊಂಡು, ಅದರ ಬುಡವನ್ನು ಕೆಳಗಿನ ನೆಲದ ಕೊನೆಯ ಮಟ್ಟವೆಂದೂ ತುದಿಯ ಗೆರೆಯನ್ನು ಮೇಲಿನ ನೆಲದ ಕೊನೆಯ ಮಟ್ಟವೆಂದೂ ಗುರುತಿಸಿ, ನಡುವೆ ಎಲ್ಲ ಮೆಟ್ಟಿಲುಗಳ ಗೆರೆ ಹಾಕಬೇಕು. ಗೆರೆ ಹಾಕುವಾಗ ಒಂದರ ಮೇಲೊಂದು ಅಳೆಯುತ್ತಾ ಹೋಗಬಾರದು. ಪ್ರತಿಯೊಂದನ್ನೂ ಬುಡದಿಂದಲೇ ಅಳೆಯಬೇಕು. ಎತ್ತರ 306ರ ಬದಲು 305 ಇದ್ದಿತೆನ್ನಿ. 18ರಿಂದ ಭಾಗಿಸಿದರೆ 16.94. “ಹದಿನೇಳೇ ಇರಲಿ” ಎಂದು ಹದಿನೇಳು ಮೆಟ್ಟಿಲುಗಳನ್ನು ಅಳೆದರೆ 289 ಮುಗಿದು, ಕೊನೆಯದಕ್ಕೆ 16 ಮಾತ್ರ ಉಳಿಯುತ್ತದೆ. ಬುಡದಿಂದ 16.9, 33.9, 50.8 ಎಂದು ಗುರುತಿಸಿದರೆ ಈ ದೋಷ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಇಂದು ನಮ್ಮ ಊರಿನ ಕಟ್ಟಡಗಳಲ್ಲಿ ದುಡಿಯುವವರಲ್ಲಿ ತಮಿಳು, ಬಂಗಾಳಿ, ಒಡಿಯಾ ಮಾತಾಡುವವರೂ ಇದ್ದಾರೆ. ನಕ್ಷೆಯ ಮೇಲಿನ ಬರಹವೋ ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡ ಮಾತ್ರ ಬಲ್ಲ ನಮ್ಮ ಹಿರಿಯರು “ನಮಗೇನು ತಿಳಿಯುತ್ತದೆ” ಎಂದು ನೋಡದೆಯೇ ಸಹಿ ಹಾಕುವುದುಂಟು. ಹಾಗೆ ಮಾಡಬಾರದು. ಅಂಕಿಗಳಿಗೆ ಗಡಿಯಿಲ್ಲ, ಭಾಷೆಯೂ ಇಲ್ಲ. ಮೆಟ್ಟಿಲಿನ ಚಿತ್ರದಲ್ಲಿ ಏರು ಎಷ್ಟು, ಹಾಸು ಎಷ್ಟು ಎಂಬ ಎರಡು ಅಂಕಿಗಳನ್ನು ಕೇಳಿ ತಿಳಿದುಕೊಳ್ಳಲಿ. ಗೆರೆ ಹಾಕಿದ ಆ ಮರದ ಪಟ್ಟಿಯನ್ನು ಯಾವ ಭಾಷೆಯ ಮೇಸ್ತ್ರಿಯ ಕೈಗೆ ಕೊಟ್ಟರೂ ಅವನಿಗೆ ಅರ್ಥವಾಗುತ್ತದೆ. ಕೇರಳದಲ್ಲಿ 2019ರ ಪಂಚಾಯತು ಕಟ್ಟಡ ನಿಯಮಗಳಿವೆ. ಅವುಗಳ ಪ್ರಕಾರ ಏನು ಬೇಕೆಂಬುದನ್ನು ಅನುಮತಿಗೆ ಅರ್ಜಿ ಹಾಕುವಾಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೈಹಿಡಿ, ಬೆಳಕು, ತಲೆಯ ಮೇಲಿನ ಜಾಗ

ಕೈಹಿಡಿಯನ್ನು ಅಲಂಕಾರವೆಂದು ತಿಳಿಯಬಾರದು. ಮೆಟ್ಟಿಲಿನ ಅಂಚಿನಿಂದ 90 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗಿನ ಎತ್ತರದಲ್ಲಿ, ಮುಷ್ಟಿಗೆ ಸಿಗುವಂತೆ 4-5 ಸೆಂಟಿಮೀಟರು ದಪ್ಪದಲ್ಲಿ ಅದಿರಬೇಕು. ಅಂಗೈ ಅಗಲದ ಗ್ರಾನೈಟಿನ ಹಲಗೆ ನೋಡಲು ಚಂದ. ಬೀಳುವವನು ಅದನ್ನು ಹಿಡಿಯಲಾರ. ಕೈಹಿಡಿ ಕೊನೆಯ ಮೆಟ್ಟಿಲಿನ ಆಚೆಗೂ ಒಂದು ಗೇಣು ಮುಂದುವರಿದಿರಲಿ. ಸರಳುಗಳ ನಡುವಣ ಅಂತರ 10 ಸೆಂಟಿಮೀಟರಿಗಿಂತ ಕಡಮೆಯಿರಲಿ, ಮಗುವಿನ ತಲೆ ತೂರುವಂತಿರಬಾರದು. ಅಡ್ಡ ಸರಳುಗಳನ್ನು ಕೊಟ್ಟರೆ ಮಕ್ಕಳು ಅದನ್ನೇ ಏಣಿಮಾಡಿ ಹತ್ತುತ್ತವೆ. ನೆಟ್ಟಗಿನ ಸರಳುಗಳೇ ಒಳ್ಳೆಯವು.

ತಲೆಯ ಮೇಲೆ 220 ಸೆಂಟಿಮೀಟರು ತೆರವಿರಬೇಕು. ನಮ್ಮ ಉದಾಹರಣೆಯಲ್ಲಿ ಸ್ಲ್ಯಾಬು ಮತ್ತು ನೆಲಹಾಸು ಸೇರಿ 17 ದಪ್ಪವಿದ್ದರೆ, ಕೆಳಗಿನ ನೆಲದಿಂದ ಸ್ಲ್ಯಾಬಿನ ಅಡಿಗೆ 289. ನಾಲ್ಕನೆಯ ಮೆಟ್ಟಿಲಿನ ಮೇಲೆ ನಿಂತಾಗ 68 ಏರಿರುತ್ತೇವೆ, ಉಳಿಯುವುದು 221. ಐದನೆಯದರಲ್ಲಿ 204 ಮಾತ್ರ. ಎಂದರೆ ನಾಲ್ಕನೆಯ ಮೆಟ್ಟಿಲು ದಾಟಿದ ಮೇಲೆ ತಲೆಯ ಮೇಲೆ ಸ್ಲ್ಯಾಬು ಇರಕೂಡದು. ಸ್ಲ್ಯಾಬಿನ ತೆರಪನ್ನು ಗಿಡ್ಡ ಮಾಡಿ ಜಾಗ ಉಳಿಸಿದೆವೆಂದು ಹಿಗ್ಗುವವರು ಈ ಲೆಕ್ಕವನ್ನು ಮಾಡಿ ನೋಡಬೇಕು.

ಬೆಳಕಿನ ಸ್ವಿಚ್ಚು ಮೇಲೆಯೂ ಕೆಳಗೆಯೂ ಎರಡು ಕಡೆ ಇರಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ನಮ್ಮಲ್ಲಿ ಹೊಸತಲ್ಲವಾದ್ದರಿಂದ, ಹಗಲು ಬೆಳಕು ಬರುವಂತೆ ಒಂದು ಕಿಟಿಕಿಯನ್ನೂ ಇಡಬೇಕು.

ಅಡಿಕೆಯ ಹೆಡಿಗೆ ಮತ್ತು ಮಳೆಗಾಲ

ಪಟ್ಟಣದ ಪುಸ್ತಕಗಳು ಹೇಳದ ಒಂದು ಸಂಗತಿ ನಮಗಿದೆ. ನಮ್ಮ ಮನೆಗಳಲ್ಲಿ ಮೆಟ್ಟಿಲು ಹತ್ತುವುದು ಮನುಷ್ಯರು ಮಾತ್ರವಲ್ಲ, ಅಡಿಕೆಯೂ ಹತ್ತುತ್ತದೆ. ತಲೆಯಲ್ಲಿ ಹೆಡಿಗೆ ಹೊತ್ತವನಿಗೆ ಕತ್ತು ಬಗ್ಗಿಸಿ ಕಾಲನ್ನು ನೋಡಲಾಗದು. ಎದೆಗೆ ಗೋಣಿ ಒತ್ತಿ ಹಿಡಿದವನಿಗೆ ಮೆಟ್ಟಿಲೇ ಕಾಣದು. ಒಂದು ಕೈ ಹೆಡಿಗೆಗಾದರೆ ಕೈಹಿಡಿಗೆ ಇನ್ನೊಂದು ಮಾತ್ರ ಉಳಿಯುತ್ತದೆ. ಐದೂವರೆ ಅಡಿಯ ಆಳು ಎರಡಡಿಯ ಹೆಡಿಗೆ ಹೊತ್ತರೆ 220 ಸೆಂಟಿಮೀಟರು ತೆರವೂ ಸಾಲದು. ಆದುದರಿಂದ ತಾರಸಿಯಲ್ಲಿ ಅಡಿಕೆ ಒಣಗಿಸುವ ಮನೆಗಳಿಗೆ ಹೊರಗಿನಿಂದ ಪ್ರತ್ಯೇಕ ಮೆಟ್ಟಿಲು ಇರುವುದೇ ಉತ್ತಮ. ಅದರ ಅಗಲ ಒಂದು ಮೀಟರಿಗೆ ಕಡಮೆಯಾಗದಿರಲಿ, ಏರು 16ನ್ನು ಮೀರದಿರಲಿ.

ಹೊರಗಿನ ಮೆಟ್ಟಿಲಿಗೆ ಶತ್ರು ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ನಾಡಿನಲ್ಲಿ ಆಟಿ ತಿಂಗಳು ಬರುವಾಗ ಎಲ್ಲ ಕಲ್ಲುಗಳ ಮೇಲೂ ಹಾವಸೆ ಕಟ್ಟಿರುತ್ತದೆ. ಹೊರಗಿನ ಮೆಟ್ಟಿಲಿಗೆ ನುಣುಪಾದ ಟೈಲ್ಸನ್ನಾಗಲಿ ಹೊಳಪಿನ ಗ್ರಾನೈಟನ್ನಾಗಲಿ ಹಾಕಿಸಬಾರದು; ಒರಟಾದ ಕಲ್ಲು ಅಥವಾ ಗೀರು ಎಳೆದ ಸಿಮೆಂಟು ಸಾಕು. ನೀರು ನಿಲ್ಲದಂತೆ ಪ್ರತಿ ಹಾಸನ್ನೂ ಅಂಚಿನ ಕಡೆಗೆ ತುಸುವೇ, ಮೂರು ಮಿಲಿಮೀಟರಿನಷ್ಟು ಇಳಿಜಾರು ಮಾಡಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಗಟ್ಟಿ ಪೊರಕೆಯಿಂದ ಉಜ್ಜಿದರೆ ಹಾವಸೆ ಬೇರೂರದು.

ಈಗಾಗಲೇ ಕಟ್ಟಿದ ಮನೆಗಳಿಗೆ

“ನಮ್ಮ ಮನೆ ಕಟ್ಟಿ ಆಯಿತಲ್ಲ, ಇನ್ನೇನು ಮಾಡುವುದು?” ಎಂದು ಕೇಳುವವರೇ ಹೆಚ್ಚು. ಅವರೂ ನಿರಾಶರಾಗಬೇಕಾಗಿಲ್ಲ. ಮಕ್ಕಳ ಕೈಗೆ ಟೇಪು ಕೊಟ್ಟು ಪ್ರತಿಯೊಂದು ಏರನ್ನೂ ಅಳೆದು ಬರೆಸಿ. ಮಕ್ಕಳಿಗೆ ಅದು ಶಾಲೆಯ ಪಾಠಕ್ಕಿಂತ ರುಚಿಸುತ್ತದೆಂಬುದನ್ನು ನಾವು ಕಂಡಿದ್ದೇವೆ. ಮೊದಲನೆಯದು ಅಥವಾ ಕೊನೆಯದು ಬೇರೆಯಾಗಿದ್ದರೆ, ಸಾಧ್ಯವಿದ್ದಲ್ಲಿ ಮೇಸ್ತ್ರಿಯಿಂದ ಸರಿಪಡಿಸಿ. ಆಗದಿದ್ದರೆ ಆ ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಹಳದಿಯೋ ಬಿಳಿಯೋ ಬಣ್ಣದ ಪಟ್ಟಿ ಬಳಿಯಿರಿ. ಕೈಹಿಡಿಯಿಲ್ಲದ ಗೋಡೆಗೆ ಒಂದು ಪೈಪನ್ನು ಕೂರಿಸಲು ದೊಡ್ಡ ಖರ್ಚೇನೂ ಇಲ್ಲ. ಮೆಟ್ಟಿಲಿನ ಮೇಲೆ ಚಪ್ಪಲಿ, ತೆಂಗಿನಕಾಯಿ, ಹಳೆಯ ಪತ್ರಿಕೆಗಳನ್ನು ಪೇರಿಸುವ ಅಭ್ಯಾಸವನ್ನು ಇಂದೇ ನಿಲ್ಲಿಸಿ.

ಮಕ್ಕಳು ಗಲ್ಫಿನಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಹಿರಿಯರು ಉಳಿದಿರುವ ಸಂಸಾರಗಳು ಈಗ ನಮ್ಮಲ್ಲಿ ಅನೇಕ. ಊರಿಗೆ ಹಣ ಕಳುಹಿಸಿ ಮನೆ ಕಟ್ಟಿಸುವ ಮಕ್ಕಳಲ್ಲಿ ನಮ್ಮ ವಿನಂತಿ ಇಷ್ಟೆ: ಅಪ್ಪ ಅಮ್ಮನ ಮಲಗುವ ಕೋಣೆಯನ್ನೂ ಬಚ್ಚಲನ್ನೂ ಕೆಳಗಿನ ಅಂತಸ್ತಿನಲ್ಲಿಯೇ ಇಡಿ. ಮೇಲಂತಸ್ತು ಬೇಕೇ ಆದರೆ, ಬಾಗಿಲಿನ ಕೆತ್ತನೆಗೆ ವಿನಿಯೋಗಿಸುವ ಹಣದಲ್ಲಿ ಒಂದು ಪಾಲನ್ನು ಮೆಟ್ಟಿಲಿಗೆ ಮೂರಡಿ ಹೆಚ್ಚು ಜಾಗ ಕೊಡಲು ಉಪಯೋಗಿಸಿ. ನೋಡುವವರು ಬಾಗಿಲನ್ನು ಒಂದು ದಿನ ಹೊಗಳಿ ಹೋಗುತ್ತಾರೆ. ಮೆಟ್ಟಿಲನ್ನು ನಿಮ್ಮ ಹೆತ್ತವರು ದಿನವೂ ಹತ್ತಿ ಇಳಿಯಬೇಕಾಗಿದೆ.